ಅಕ್ಕ ಬೂಟು ಬಿಚ್ಚಿದ ಜಾಗ

ಹತ್ತಿಮತ್ತೂರಿನ ಅಕ್ಕನ ಮನೆಯ ಪಡಸಾಲೆಯಲ್ಲಿ ಓಣಿಯ ಐದಾರು ಹೆಂಗಸರು ಶೇಂಗಾ ಒಡೆಯುತ್ತ ಕುಳಿತಿದ್ದರು. ಅಕ್ಕ ಅವರಿಗೆ ನಾವಿಬ್ಬರು ಮನಾಲಿಗೆ ಹೋಗಿಬಂದದ್ದನ್ನು ಹೇಳುತ್ತಿದ್ದಳು. ಬಂದು ಎರಡು ತಿಂಗಳಾಗಿತ್ತು. ಈ ಕಥೆ ಆ ಪಡಸಾಲೆಯಲ್ಲಿ ಎಷ್ಟು ಸಲ ಆಗಿತ್ತೋ ಗೊತ್ತಿಲ್ಲ. ನಾನು ಗೋಡೆಗೆ ಒರಗಿ, ಕೇಳಿಯೂ ಕೇಳದವಳ ಹಾಗೆ ಕುಳಿತಿದ್ದೆ.

"ಎತ್ತ ನೋಡಿದ್ರೂ ಬರ್ಫನ ಬರ್ಫ. ಕಣದಾಗ ಹತ್ತಿ ಸುರುವಿದಂಗ," ಎಂದಳು ಅಕ್ಕ. "ಇನ್ನೂ ಮ್ಯಾಲ ಹೋಗೂಣು ಅನ್ನೂದ್ರಾಗ ನಮ್ಮ ತಂಗಿಗೆ ದಣಿವಾತು. ಪಾಪ, ಓದಿಸಿ ಓದಿಸಿ ಸೋತ ಜೀವ. ಲಗೂನ ಇಳದು ಬಂದ್ವಿ. ಬೇಕಾದ್ರ ಆಕೀನ್ನ ಕೇಳ್ರಿ, ಎಲ್ಲಾ ಡೈರಿ ಬರೀತಾಳ ಆಕಿ."

ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬಾಕೆ ನಕ್ಕಳು. "ಹೌದೇನ್ರಿ ಬಾಯಾರ? ಕುರ್ಚಿ ಮ್ಯಾಲ ಕುಂತು ಪಗಾರ ತಗೊಳ್ಳಾವ್ರಿಗೆ ಗುಡ್ಡಾ ಹೆಂಗ ಹತ್ತಬೇಕು? ನಮ್ಮ ಜೋಡಿ ನಾಕ ದಿನ ಹೊಲದಾಗ ಕಸಾ ತಗೀರಿ, ಮುಂದಿನ ಸಲ ಓಡ್ಕೋಂತ ಹತ್ತತೀರಿ."

ನಾನು ತಲೆಯಾಡಿಸಿದೆ. ಹೌದು ಅಂದಂತೆಯೂ ಆಯಿತು, ಅಲ್ಲ ಅಂದಂತೆಯೂ ಆಯಿತು.

ಸಂಜೆ ಹಾನಗಲ್ಲಿಗೆ ಬಂದವಳೇ ಡೈರಿ ತೆಗೆದೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು, ಅದಕ್ಕೇ ಎಲ್ಲರ ಬಾಯಲ್ಲೂ 'ಬಾಯಾರ'. ವಿಶ್ವವಿದ್ಯಾಲಯದಲ್ಲಿ ಓದುವಾಗ ಹಿಡಿದ ಚಟ ಇದು. ದಿನಕ್ಕೆ ನಾಲ್ಕು ಸಾಲು ಬರೆಯದಿದ್ದರೆ ಆ ದಿನ ನನ್ನದಲ್ಲ ಅನ್ನಿಸುತ್ತದೆ. ಹಿಮ ನೋಡಿದ ದಿನದ ಪುಟದಲ್ಲಿ ಮೂರೇ ಸಾಲುಗಳಿದ್ದವು. "ಹಿಮ ನೋಡಿದೆವು. ಅಕ್ಕನಿಗೆ ದಣಿವು. ಬೇಗ ಇಳಿದೆವು."

ಅಕ್ಕ ನನಗೆ ದಣಿವಾಯಿತು ಅನ್ನುತ್ತಾಳೆ, ನಾನು ಅಕ್ಕನಿಗೆ ದಣಿವಾಯಿತು ಎಂದು ಬರೆದಿದ್ದೇನೆ. ಎರಡರಲ್ಲಿ ಒಂದಾದರೂ ಸುಳ್ಳು. ನಾವು ಹೋಗಿದ್ದ ಪ್ರವಾಸದ ಗುಂಪಿನ ಮುಖಂಡರು ಆ ದಿನ ಬೆಳಿಗ್ಗೆ ಎಲ್ಲರ ಫೋನಿಗೂ ಕಳಿಸಿದ ಸಂದೇಶ ಇನ್ನೂ ನನ್ನ ಹತ್ತಿರ ಇದೆ: ನಾಲ್ಕು ಗಂಟೆಗೆ ಎಲ್ಲರೂ ಬಸ್ಸಿನ ಹತ್ತಿರ ಸೇರಬೇಕು. ಬಸ್ಸು ಒಂದೇ. ಮೂವತ್ತು ಮಂದಿಯೂ ಅದರಲ್ಲೇ ಇಳಿದೆವು. ಹಾಗಿದ್ದ ಮೇಲೆ ನಾವಿಬ್ಬರೇ ಬೇಗ ಇಳಿದದ್ದು ಹೇಗೆ? ಮಕ್ಕಳಿಗೆ ಪಾಠ ಮಾಡುವಾಗ, ಕಣ್ಣಾರೆ ಕಂಡವರು ಬರೆದದ್ದೆಂದು ಯಾವುದನ್ನೂ ಪೂರ್ತಿ ನಂಬಬೇಡಿ ಎಂದು ಹೇಳುತ್ತ ಬಂದವಳು ನಾನು. ನನ್ನದೇ ಕೈಬರಹದ ಮೂರು ಸಾಲಿಗೆ ಆ ಮಾತು ತಾಗುತ್ತದೆಂದು ಅಲ್ಲಿಯವರೆಗೂ ಹೊಳೆದಿರಲಿಲ್ಲ.

ಅದಕ್ಕೇ ಈಗ ಮೊದಲಿನಿಂದ ಬರೆಯುತ್ತಿದ್ದೇನೆ.

ಅಕ್ಕನಿಗೆ ಹಿಮಾಲಯದ ಆಸೆ ಹಚ್ಚಿದವರು ಅವಳ ಗಂಡ, ನಮ್ಮ ಮಾವ. ಮದುವೆಯಾದ ಹೊಸತರಲ್ಲೇ ಕೇದಾರಕ್ಕೆ ಕರೆದೊಯ್ಯುತ್ತೇನೆ ಅಂದಿದ್ದರಂತೆ. ಸುಗ್ಗಿ ಮುಗಿಯಲಿ, ಹತ್ತಿ ಬಿಡಿಸಿ ಆಗಲಿ ಅನ್ನುತ್ತಿದ್ದರು. ಹತ್ತಿ ಬಿಡಿಸಿ ಕೈ ಖಾಲಿಯಾಗುವ ಹೊತ್ತಿಗೆ ಅಲ್ಲಿ ಹಿಮ ಬಿದ್ದು ಗುಡಿಯ ಬಾಗಿಲು ಹಾಕಿರುತ್ತಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಇಲ್ಲಿ ಬಿತ್ತನೆಗೆ ಹೊಲ ಹದ ಮಾಡಬೇಕು. ಹೊಲಕ್ಕೂ ಕೇದಾರಕ್ಕೂ ಹೊಂದಾಣಿಕೆ ಆಗಲೇ ಇಲ್ಲ. ಹಾಗೇ ಮೂವತ್ತು ವರ್ಷ ಕಳೆದು ಮಾವ ತೀರಿಕೊಂಡರು.

ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರ ಮಾಡುವ ಒಬ್ಬರು, ಮಾಲು ಬರುವುದು ಕಡಿಮೆಯಾದ ಮೇಲೆ, ಜನವರಿಯಲ್ಲಿ ಒಂದು ಪ್ರವಾಸ ಹೊರಡಿಸುತ್ತಾರೆ; ಮುಖಂಡರು ಅವರೇ. ದಿಲ್ಲಿ, ಮನಾಲಿ, ಹಿಮದಲ್ಲಿ ಜಾರುವ ಆಟ. ಅಡುಗೆಯವರೂ, ಚೀಲಗಟ್ಟಲೆ ಖಡಕ್ ರೊಟ್ಟಿಯೂ, ಶೇಂಗಾ ಚಟ್ನಿಯೂ ಜೊತೆಗೇ ಬರುತ್ತವೆ. "ಊಟ ನಮ್ಮ ಕಡೇದು, ಚಳಿ ಅವರ ಕಡೇದು" ಅನ್ನುವುದು ಅವರ ಮಾತು. ನಾವು ಹೋಗುವ ಮುಂಚಿನ ದೀಪಾವಳಿಯಲ್ಲಿ ಅವರ ಕರಪತ್ರ ನನ್ನ ಚೀಲದಲ್ಲಿ ಅಕ್ಕನ ಕಣ್ಣಿಗೆ ಬಿತ್ತು.

"ಇದು ಆಟಕ್ಕ ಹೋಗೂದು ಅಕ್ಕಾ, ಯಾತ್ರಾ ಅಲ್ಲ. ಗುಡಿ ಎಲ್ಲಾ ಬಂದ್ ಇರ್ತಾವು," ಎಂದೆ.

"ಗುಡಿಗೆ ಬಾಗಲಾ ಹಾಕ್ತಾರು. ಗುಡ್ಡಕ್ಕ ಬಾಗಲಾ ಇರತೈತೇನು?"

ಮರುದಿನ ಇಬ್ಬರ ಹೆಸರನ್ನೂ ಬರೆಸಿದೆ.

ಶಿಗ್ಗಾವಿಯ ಬಸ್ ನಿಲ್ದಾಣದ ಎದುರು ಪ್ರವಾಸದ ಬಸ್ಸು ನಮ್ಮಿಬ್ಬರನ್ನು ಹತ್ತಿಸಿಕೊಂಡಿತು. ಹುಬ್ಬಳ್ಳಿಯಿಂದ ರೈಲು. ಅಕ್ಕನ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಹಿತ್ತಲ ಗಿಡದ ಬಿಲ್ವಪತ್ರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಹಿಮದ ಮೇಲೆ, ಯಾರೂ ತುಳಿಯದ ಜಾಗದಲ್ಲಿ, ಮಾವನ ಹೆಸರು ಹೇಳಿ ಅದನ್ನು ಇಡಬೇಕು. ಅವಳು ಬಂದದ್ದು ಅಷ್ಟಕ್ಕೇ. ಇದನ್ನು ಅವಳು ನನಗೆ ರೈಲಿನಲ್ಲೇ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಬರೆಯುವಂತಿಲ್ಲ.

ಎದುರು ಸೀಟಿನಲ್ಲಿ ಸವಣೂರಿನ ವೀಳ್ಯದೆಲೆ ವ್ಯಾಪಾರಿಯ ಹೆಂಡತಿ ಇದ್ದರು. ಅಕ್ಕ ಅವರನ್ನು ಮೊದಲ ದಿನವೇ ಭಾಭಿ ಮಾಡಿಕೊಂಡಳು. ಭಾಭಿ ಡಬ್ಬಿ ತೆಗೆದು ನೋಡಿ ನಾಲಿಗೆ ಲೊಚಗುಟ್ಟಿದರು. "ಅರೇ ಅಕ್ಕಾರ, ಹಿಂಗ ನೀರಾಗ ತೋಯಿಸಿಟ್ರ ಕೊಳೀತಾವ್ರಿ. ಎಲಿ ಉಳಿಸೂ ಕೆಲಸ ನಮಗ ಬಿಡ್ರಿ." ಬಟ್ಟೆ ಹಿಂಡಿ, ಪತ್ರಿಯನ್ನು ಒಂದೊಂದಾಗಿ ಒರೆಸಿ, ವೀಳ್ಯದೆಲೆಯ ಪೆಂಡಿ ಕಟ್ಟುವ ಹಾಗೆ ತೊಟ್ಟೆಲ್ಲ ಒಂದೇ ಕಡೆ ಮಾಡಿ ಸುತ್ತಿದರು. ಆಮೇಲೆ ದಿನಾ ಬೆಳಿಗ್ಗೆ ಇಬ್ಬರೂ ಕೂಡಿ ಅದನ್ನು ಬಿಚ್ಚಿ, ಕಪ್ಪಾದದ್ದನ್ನು ತೆಗೆದು, ಮತ್ತೆ ಸುತ್ತುವರು. ನಾನು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದೆ. ಪರೀಕ್ಷೆಯ ಪೇಪರು ತಿದ್ದಿ ಮುಗಿಸಿ ನೇರ ಬಸ್ಸು ಹತ್ತಿದವಳು ನಾನು. ದಣಿವು ನನಗೆ ಇದ್ದದ್ದು ನಿಜ. ಅಕ್ಕನ ಮಾತಿನಲ್ಲಿ ಅಷ್ಟು ಸತ್ಯವಿದೆ.

ಹಿಮದ ಜಾಗಕ್ಕೆ ಹೋಗುವ ದಾರಿಯುದ್ದಕ್ಕೂ ಬಾಡಿಗೆ ಬಟ್ಟೆಯ ಅಂಗಡಿಗಳು. ಮೈಪೂರ್ತಿ ಮುಚ್ಚುವ ದಪ್ಪ ಅಂಗಿ, ಮೊಣಕಾಲುದ್ದದ ಬೂಟು. ಸೀರೆಯ ಮೇಲೇ ಅಕ್ಕ ಅದನ್ನು ತೊಟ್ಟಳು. ಸೀರೆ ಸೊಂಟದ ಹತ್ತಿರ ಗುಡ್ಡೆಯಾಗಿ, ನಡೆದರೆ ಅತ್ತಿತ್ತ ವಾಲುತ್ತಿದ್ದಳು.

"ಹೊಲದಾಗಿನ ಬೆದರುಗೊಂಬಿ ಆಗೇನಿ ನೋಡು," ಎಂದಳು.

"ನೀವು ಗೊಂಬಿ ಆದ್ರ ನಾ ಏನ್ರಿ? ಹತ್ತಿ ತುಂಬಿದ ಅಂಡಗಿ ಚೀಲ!" ಭಾಭಿ ತಮ್ಮ ಹೊಟ್ಟೆ ತಟ್ಟಿಕೊಂಡರು.

ಅಕ್ಕನ ಅಂಗಿ ಕೇಸರಿ ಬಣ್ಣದ್ದು ಎಂದು ನನ್ನ ನೆನಪು. ಆ ದಿನದ ಫೋಟೋದಲ್ಲಿ ಅದು ನೀಲಿ. ಕೇಸರಿ ತೊಟ್ಟವಳು ನಾನು.

ಮೇಲೆ ತಲುಪಿದಾಗ ಕಂಡದ್ದು ಅಕ್ಕ ಹೇಳುವಂಥ ಹತ್ತಿಯ ಕಣವಲ್ಲ. ಬಸ್ಸು ನಿಲ್ಲುವ ಕಡೆ ಹಿಮವೆಲ್ಲ ಕೆಸರಾಗಿತ್ತು, ಕುದುರೆ ಲದ್ದಿ, ಚಹಾದ ಕಾಗದದ ಕಪ್ಪುಗಳು. ಅದರಾಚೆಯ ಇಳಿಜಾರಿನಲ್ಲಿ ಜನ ಜಾರುತ್ತಿದ್ದರು, ಬೀಳುತ್ತಿದ್ದರು, ಚೀರುತ್ತಿದ್ದರು. ಇನ್ನೂ ಮೇಲೆ, ಹಗ್ಗ ಕಟ್ಟಿದ ಆಟದ ಜಾಗ ಮುಗಿದ ಮೇಲೆ, ನಿಜವಾದ ಬಿಳಿ ಇತ್ತು. ಅಕ್ಕ ಅದನ್ನೇ ನೋಡುತ್ತ ನಿಂತಳು.

"ನೀ ಮದಲ ಆಡಿ ಬಾ. ಆಮ್ಯಾಲ ನಾವಿಬ್ರೂ ಅಲ್ಲೀ ತನಕ ಹೋಗೂಣು," ಎಂದಳು.

ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಲು ಸಾಲು ನಿಂತಿತ್ತು. ನನ್ನ ಮುಂದೆ ಒಬ್ಬ ಹೆಂಗಸು ಮನೆಯವರ ಜೊತೆ ಕನ್ನಡ ಮಾತಾಡುತ್ತಿದ್ದಳು, ಬೆಂಗಳೂರಿನ ಕನ್ನಡ. ಅಷ್ಟು ದೂರದಲ್ಲಿ ಕನ್ನಡ ಕೇಳಿ ಖುಷಿಯಾಗಿ ಮಾತಿಗೆ ಎಳೆದೆ. ಕಾಲೇಜಿನಲ್ಲಿ ಕಲಿಸುತ್ತೇನೆ, ಹಾವೇರಿ ಜಿಲ್ಲೆ ಎಂದೆ. "ಹೌದಾ? ನಿಮ್ಮ ಮಾತಲ್ಲಿ ಗೊತ್ತೇ ಆಗಲ್ಲ ಮೇಡಂ," ಎಂದಳು ಅವಳು. ಆ ಮಾತಿಗೆ ನನಗೆ ಸಂತೋಷವಾಯಿತು. ಇದು ಡೈರಿಯಲ್ಲಿಲ್ಲ, ಆದರೆ ಇದರ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ.

ನನ್ನ ಸರದಿ ಬಂತು. ಕಲಿಸುವವನು ಎರಡೂ ಕೈ ಹಿಡಿದು ಹಿಂದಕ್ಕೆ ನಡೆಯುತ್ತ ಎಳೆದ, ಬಿಟ್ಟ. ಹತ್ತು ಮಾರು ಜಾರಿದೆನೋ ಏನೋ. ಮೈಯಲ್ಲಿ ಭಾರವೇ ಇಲ್ಲ ಅನ್ನಿಸಿತು. ಆಮೇಲೆ ಬಿದ್ದೆ. ಕುಪ್ಪಸದೊಳಗೆ ಹಿಮ ಹೋಯಿತು. ನನ್ನಷ್ಟಕ್ಕೆ ನಕ್ಕೆ. ಎದ್ದು ಮತ್ತೊಮ್ಮೆ ಹೋದೆ. ಐವತ್ತು ದಾಟಿದ ಮೇಲೆ ಹಾಗೆ ನಕ್ಕದ್ದು ಅದೊಂದೇ ಸಲ ಇರಬೇಕು. ಅಕ್ಕ ನನಗಾಗಿ ಕಾಯುತ್ತಿದ್ದಳು. ನಾನು ಎಷ್ಟು ಹೊತ್ತು ಆಡಿದೆ ಎಂದು ಲೆಕ್ಕವಿಡಲಿಲ್ಲ.

ಹಲಗೆ ಬಿಚ್ಚಿ ಹೊರಗೆ ಬರುವಾಗ ಹಗ್ಗದ ಪಕ್ಕದಲ್ಲಿ ಒಂದು ಜೊತೆ ಬೂಟು ಕಂಡಿತು. ಹಿಮ್ಮಡಿ ಕೂಡಿಸಿ, ಗುಡಿಯ ಹೊರಗೆ ಬಿಟ್ಟ ಹಾಗೆ ಓರಣವಾಗಿ ಇಟ್ಟಿತ್ತು. ಒಳಗೆ ಮಡಚಿದ ಕಾಲುಚೀಲ. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ತುಳಿದು ಹೊಲಸಾದ ಹಿಮದಲ್ಲಿ, ಡಬ್ಬಿ ಎದೆಗೊತ್ತಿಕೊಂಡು ಅಕ್ಕ ಬರಿಗಾಲಲ್ಲಿ ನಡೆಯುತ್ತಿದ್ದಳು. ಕಾಲು ಎತ್ತೆತ್ತಿ ಇಡುತ್ತಿದ್ದಳು, ಕಾದ ಕಲ್ಲಿನ ಮೇಲೆ ನಡೆದಂತೆ.

ಹಿಂದಿನಿಂದ ಅದೇ ಬೆಂಗಳೂರಿನ ಧ್ವನಿ. "ಅಯ್ಯೋ ನೋಡ್ರೀ, ಆಂಟಿ ಬರಿಗಾಲಲ್ಲಿ ಹೋಗ್ತಿದ್ದಾರೆ! ಯಾರ ಜೊತೆ ಬಂದಿದ್ದಾರೋ ಪಾಪ." ಯಾರೋ ನಕ್ಕರು. ಯಾರೋ ಫೋನು ಎತ್ತಿ ಹಿಡಿದರು.

ಬೇರೆ ಯಾವ ಭಾಷೆಯಲ್ಲಿ ಅಂದಿದ್ದರೂ ನಾನು ಸಹಿಸುತ್ತಿದ್ದೆನೇನೋ. ಓಡಿಹೋಗಿ ಅಕ್ಕನ ರಟ್ಟೆ ಹಿಡಿದೆ.

"ತಲಿ ಕೆಟ್ಟೈತೇನು ನಿನಗ? ಸಕ್ಕರಿ ಕಾಲು ಇಟ್ಕೊಂಡು ಬರ್ಫಿನ್ಯಾಗ ನಡ್ಯಾಕತ್ತಿ! ಮಂದಿ ನೋಡಾಕತ್ತಾರ!"

ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ನಿಜ. ಪಾದಕ್ಕೆ ಗಾಯವಾಗದಂತೆ ನೋಡಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದೂ ನಿಜ. ಆದರೆ ನಾನು ಮೊದಲು ಅಂದದ್ದು ಸಕ್ಕರೆಯ ಮಾತೋ, ಮಂದಿಯ ಮಾತೋ? ಇಲ್ಲಿ ಸಕ್ಕರೆಯನ್ನು ಮೊದಲು ಬರೆದಿದ್ದೇನೆ. ಹಾಗೆ ಬರೆಯುವುದು ನನಗೆ ಅನುಕೂಲ, ಅಷ್ಟೇ.

"ಶಿವನ ಜಾಗ ಅಲ್ಲೇನು ಇದು?" ಅಕ್ಕ ಮೆಲ್ಲಗೆ ಅಂದಳು. "ಬೂಟ್ ಹಾಕ್ಕೊಂಡು ಹೆಂಗ ತುಳೀಲಿ? ಅದೂ ಯಾರ್ಯಾರೋ ಹಾಕ್ಕೊಂಡ ಬೂಟು. ಅಲ್ಲಿ ನೋಡು, ಯಾರೂ ತುಳಿದಿಲ್ಲ. ಪತ್ರಿ ಇಟ್ಟು ಬಂದಬಿಡ್ತೇನಿ. ಐದ ನಿಮಿಷ."

ಭಾಭಿ ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದರು. "ಹೋಗ್ಲಿ ಬಿಡ್ರಿ ಬಾಯಾರ. ದರ್ಗಾಕ್ಕ ನಾವೂ ಚಪ್ಪಲಿ ಹಾಕ್ಕೊಂಡು ಹೋಗೂದಿಲ್ಲಲ್ರಿ. ನಾ ಬೂಟ್ ಹಿಡ್ಕೊಂಡು ಬಾಜೂಕ ನಡೀತೇನಿ. ಇಟ್ಟ ಕೂಡ್ಲೆ ಹಾಕಿಸಿಬಿಡ್ತೇನಿ."

"ನಿಮಗ ಗೊತ್ತಾಗೂದಿಲ್ರಿ," ಎಂದೆ.

ಭಾಭಿ ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ತಿರುಗಿ ಬಂದು, ಬೂಟಿನ ಪಕ್ಕದಲ್ಲಿ ಕುಕ್ಕರಿಸಿ ಕಾಲುಚೀಲ ತೊಡಲು ತೊಡಗಿದಳು. ಅವಳು ನನ್ನೊಡನೆ ವಾದ ಮಾಡಲಿಲ್ಲ. ಮಾಡಿದ್ದರೆ ನಾನು ಸೋಲುತ್ತಿದ್ದೆ.

ಆಗ ಒಂದು ಗಂಟೆ. ನಾಲ್ಕರ ತನಕ ನಾವು ಒಂದು ತಗಡಿನ ಚಹಾದಂಗಡಿಯಲ್ಲಿ ಕುಳಿತೆವು. ನಾನು ಅಕ್ಕನ ಪಾದಗಳನ್ನು ನನ್ನ ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಉಜ್ಜಿದ ನೆನಪು ಸ್ಪಷ್ಟವಾಗಿದೆ. ಅವಳ ಬೆರಳುಗಳ ತಣ್ಣಗಿನ ಕೆಂಪು ಈಗಲೂ ಕಣ್ಣ ಮುಂದಿದೆ. ಈ ನೆನಪನ್ನು ನಾನು ಬಹಳ ದಿನ ಜೋಪಾನ ಮಾಡಿಕೊಂಡು ಬಂದಿದ್ದೆ.

ಡೈರಿಯ ಮೂರು ಸಾಲು ಕಂಡ ಮೇಲೆ ಒಂದು ದಿನ ಸವಣೂರಿಗೆ ಹೋದಾಗ ಭಾಭಿಯ ಅಂಗಡಿಗೆ ಹೋದೆ. ಎಲೆ ಎಣಿಸುತ್ತ ಕುಳಿತಿದ್ದರು. ಸ್ಟೂಲು ಕೊಟ್ಟು, ಚಹಾ ತರಿಸಿದರು. ಆ ದಿನ ಅಕ್ಕನ ಕಾಲು ಉಜ್ಜಿದವರು ಯಾರೆಂದು ಕೇಳಿದೆ.

"ನಾನ ತಿಕ್ಕಿದ್ನೆಲ್ರಿ. ನಮ್ಮ ಯಜಮಾನ್ರ ಮಫ್ಲರ್ ತಗೊಂಡು."

"ನಾನು?"

ಭಾಭಿ ಎಣಿಸುತ್ತಿದ್ದ ಎಲೆ ಕೆಳಗಿಟ್ಟರು. "ನೀವು ಫೋನ್ ನೋಡ್ಕೋಂತ ಕುಂತಿದ್ರಿ ಬಾಯಾರ." ಆಮೇಲೆ ನನ್ನ ಮುಖ ನೋಡಿ ಸೇರಿಸಿದರು, "ಚಹಾ ನೀವ ಹೇಳಿದ್ರಿ ಮತ್ತ. ಎರಡೆರಡು ಸಲ."

ಕಾಲುಗಳ ಕೆಂಪು ನಾನು ಕಂಡದ್ದೇ ಇರಬೇಕು, ಬೆಂಚಿನ ಈ ತುದಿಯಿಂದ. ಉಜ್ಜಿದ ಕೈಗಳನ್ನು ಆಮೇಲೆ ಸೇರಿಸಿಕೊಂಡಿದ್ದೇನೆ.

ಪತ್ರಿ ಊರಿಗೆ ವಾಪಸ್ಸು ಬಂತು. "ಪತ್ರಿ ಹಳಸೂದಿಲ್ಲ" ಎಂದು ಅಕ್ಕ ಅದನ್ನು ದೇವರ ಜಗಲಿಯ ಮೂಲೆಯಲ್ಲಿ ಅದೇ ಡಬ್ಬಿಯಲ್ಲಿ ಇಟ್ಟಳು. ಹೆಂಗಸರು ಶೇಂಗಾ ಒಡೆಯುತ್ತಿದ್ದ ದಿನವೂ ಡಬ್ಬಿ ಅಲ್ಲೇ ಇತ್ತು. ಓಣಿಯವರಿಗೆ ನನ್ನ ದಣಿವಿನ ಕಥೆ ಹೇಳಿ ಅವಳು ನನ್ನ ಮಾನ ಕಾಯುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಅಥವಾ, ಇಂಥ ತಂಗಿಯ ಜೊತೆ ಹೋಗಿದ್ದೆ ಎಂದು ಹೇಳಿಕೊಳ್ಳಲು ಅವಳಿಗೇ ನಾಚಿಕೆಯಾಯಿತೋ?

ಮೊನ್ನೆ ಡಿಸೆಂಬರಿನಲ್ಲಿ ಅವಳ ಫೋನು ಬಂತು. ಭಾಭಿ ತಮ್ಮ ನಾದಿನಿಯನ್ನು ಕರೆದುಕೊಂಡು ಮತ್ತೆ ಅದೇ ಪ್ರವಾಸಕ್ಕೆ ಹೊರಟಿದ್ದಾರೆ, ತಾನೂ ಹೋಗುತ್ತಿದ್ದೇನೆ ಎಂದಳು.

"ನನಗೂ ಆಗ ರಜಾ ಸಿಗಬಹುದು ಅಕ್ಕಾ. ನಾನೂ ಬರ್ತೇನಿ," ಎಂದೆ.

"ಬ್ಯಾಡವಾ," ಎಂದಳು, ಸಿಟ್ಟಿಲ್ಲದೆ, ಊಟಕ್ಕೆ ಇನ್ನೊಂದು ರೊಟ್ಟಿ ಬೇಡ ಅನ್ನುವ ಹಾಗೆ. "ನಿನಗ ದಣಿವಾಗತೈತಿ."

ಫೋನಿಟ್ಟ ಮೇಲೆ ಬಟ್ಟೆಯಂಗಡಿಗೆ ಹೋದೆ.

ಹೊರಡುವ ದಿನ ಮಧ್ಯಾಹ್ನ ನಾನು ಶಿಗ್ಗಾವಿಗೆ ಹೋದೆ. ಉಣ್ಣೆಯ ಎರಡು ಜೊತೆ ಕಾಲುಚೀಲ ಚೀಲದಲ್ಲಿತ್ತು. ನಿಲ್ದಾಣದ ಎದುರು ಅಕ್ಕ ಗಂಟಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಡಬ್ಬಿ. ಹಳೆಯ ಪತ್ರಿಯ ಜೊತೆಗೆ ಹೊಸದನ್ನೂ ಹಾಕಿ, ಈ ಸಲ ಮೊದಲೇ ಭಾಭಿಯ ಕೈಯಿಂದ ಸುತ್ತಿಸಿದ್ದಳು.

"ಡಾಕ್ಟರನ್ನ ಕೇಳ್ದೇನು?" ಎಂದೆ.

"ಕೇಳಿನ್ವಾ. ಮದಲ ಬೈದ್ರು. ಆಮ್ಯಾಲ, ಕೇಳೂದಿಲ್ಲ ಅಂದ್ರ ಎರಡ ನಿಮಿಷ ನಿಂದ್ರಬೇ, ಕಾಲು ಒರಸಿ ಲಗೂ ಹಾಕ್ಕೋ ಅಂದ್ರು. ಬೂಟ್ ಹಾಕ್ಕೊಂಡ ಮ್ಯಾಲ ತನಕ ಹೋಗ್ತೇನಿ. ಪತ್ರಿ ಇಡೂ ಹೊತ್ತಿಗೆ ಅಷ್ಟ ಬಿಚ್ಚತೇನಿ."

ಇಷ್ಟು ಸುಲಭವಾದ ದಾರಿ ಹೋದ ವರ್ಷವೂ ಇತ್ತು. ಕೂತು ಎರಡು ಮಾತು ಕೇಳಿದ್ದರೆ ಸಿಗುತ್ತಿತ್ತು.

"ಅಕ್ಕಾ, ಅವತ್ತು ನಿನ್ನ ಕಾಲಿನ ಚಿಂತಿ ಇತ್ತು ನನಗ. ಆದ್ರ ನಾಚಿಕಿ ಹೆಚ್ಚಿತ್ತು."

ಅಕ್ಕ ನಾನು ಕೊಟ್ಟ ಕಾಲುಚೀಲದ ಉಣ್ಣೆ ಎಳೆದು ನೋಡುತ್ತಿದ್ದಳು. "ಗೊತ್ತೈತಿ. ಸಣ್ಣಾಕಿದ್ದಾಗಿಂದ ನೋಡೇನಿ ನಿನ್ನ. ಅದನ್ನ ಬರದೀ ಇಲ್ಲೋ?"

"ಇಲ್ಲ."

"ಬರಿ ಮತ್ತ. ಸುಳ್ಳ ಯಾಕ ಹೊತ್ಕೊಂಡು ತಿರಗತಿ? ನನಗೂ ಓಣ್ಯಾಗ ಹೇಳಿ ಹೇಳಿ ಸಾಕಾಗೇತಿ."

ಬಸ್ಸು ಬಂತು. ಭಾಭಿ ಕಿಟಕಿಯಿಂದ ಕೈ ಬೀಸಿದರು. ಹಿರೇಕೆರೂರಿನ ಮುಖಂಡರು ಬಾಗಿಲಲ್ಲಿ ನಿಂತು, "ಬಾಯಾರ, ಈ ಸಲ ಚಳಿ ಬ್ಯಾಡಂತೇನ್ರಿ?" ಎಂದು ನಕ್ಕರು. ಅಕ್ಕ ಕಂಬಿ ಹಿಡಿದು ಮೊಣಕಾಲು ಒತ್ತುತ್ತ ಹತ್ತಿದಳು. ತಿರುಗಿ ನೋಡಲಿಲ್ಲ. ಡಬ್ಬಿ ಬೀಳಬಾರದೆಂದು ಅದರ ಮೇಲೇ ಅವಳ ಗಮನವಿತ್ತು.

ಅದಾಗಿ ಐದು ದಿನ. ಅಕ್ಕನ ಫೋನು ತಾಗುತ್ತಿಲ್ಲ. ಹೋದ ವರ್ಷ ಫೋನಿನಲ್ಲಿ ಮಾಡಿದ್ದ ಗುಂಪಿನಿಂದ ಮುಖಂಡರು ನನ್ನ ಹೆಸರು ತೆಗೆದಿಲ್ಲ. ಹೊಸ ಫೋಟೋಗಳೂ ಅದರಲ್ಲೇ ಬರುತ್ತವೆ. ಇವತ್ತು ಮಧ್ಯಾಹ್ನ ಕಾಲೇಜಿನಿಂದ ಬಂದು, ತಟ್ಟೆಗೆ ಅನ್ನ ಬಡಿಸಿಕೊಂಡು ಕುಳಿತಾಗ ಒಂದು ಬಂತು. ದೂರದಿಂದ ತೆಗೆದದ್ದು. ಹಗ್ಗಗಳೆಲ್ಲ ಕೆಳಗೆ ಉಳಿದಿವೆ. ಮೇಲೆ ಬಿಳಿಯಲ್ಲಿ ಇಬ್ಬರು ಹೆಂಗಸರು, ಬೆನ್ನು ಮಾಡಿ ನಿಂತಿದ್ದಾರೆ. ಒಬ್ಬಳು ಬಾಗಿದ್ದಾಳೆ. ಅವಳ ಕಾಲು ಕಾಣುವುದಿಲ್ಲ, ಮೀನಖಂಡದ ತನಕ ಹಿಮ. ಪತ್ರಿಯೂ ಕಾಣುವುದಿಲ್ಲ. ಬೆರಳಿನಿಂದ ಎಷ್ಟು ಹಿಗ್ಗಿಸಿ ನೋಡಿದರೂ ಚುಕ್ಕೆಗಳಾಗಿ ಒಡೆಯುತ್ತದೆ.

ಇನ್ನೊಬ್ಬಳ ಕೈಯಲ್ಲಿ ಒಂದು ಜೊತೆ ಬೂಟಿದೆ. ಬೂಟಿನ ಬಾಯಿಂದ ಏನೋ ಇಣುಕಿದೆ, ಕಾಲುಚೀಲವಿರಬೇಕು. ಕಂದು ಬಣ್ಣ. ಅಂಗಡಿಯಲ್ಲಿ ನಾನು ಆರಿಸಿದ್ದು ಕಂದೇ. ರಸೀದಿ ತೆಗೆದು ನೋಡಿದೆ, ಅದರಲ್ಲೂ ಹಾಗೇ ಬರೆದಿದೆ.

ಡೈರಿಯಲ್ಲಿ ಇವತ್ತಿನ ದಿನಕ್ಕೆ ಇಷ್ಟನ್ನೇ ಬರೆದೆ. ಆಮೇಲೆ ಹಳೆಯ ಡೈರಿ ತೆಗೆದು, ಆ ಮೂರು ಸಾಲನ್ನು ಹೊಡೆದುಹಾಕದೆ, ಅವುಗಳ ಕೆಳಗೆ ಸೇರಿಸಿದೆ: "ಅಕ್ಕನಿಗೆ ದಣಿವಾಗಿರಲಿಲ್ಲ. ಅವಳು ಹತ್ತು ಹೆಜ್ಜೆ ಹೋಗಿದ್ದಳು. ನಾನು ತಡೆದೆ."